ತೋಡಿನ ಬದಿಯ ದಾರಿ



ಜನವರಿ ತಿಂಗಳಲ್ಲಿ ಒಂದು ದಿನ, ಬೆಳಗ್ಗೆ ಆರು ಗಂಟೆಗೆ, ಪಾಣೆಮಂಗಳೂರಿನ ಹಳೆ ಸೇತುವೆಯ ಮಧ್ಯದಲ್ಲಿ ಸೈಕಲ್ ನಿಲ್ಲಿಸಿ. ಒಂದು ಕಾಲು ನೆಲಕ್ಕೆ ಊರಿ ಸುಮ್ಮನೆ ನಿಂತುಕೊಳ್ಳಿ. ಬ್ರಿಟಿಷರ ಕಾಲದ ಸೇತುವೆ ಅದು, ಅಗಲ ಕಿರಿದು. ಘನ ವಾಹನಗಳನ್ನು ಈಗ ಅದರ ಮೇಲೆ ಬಿಡುವುದಿಲ್ಲ. ಅಲ್ಲೇ ಸ್ವಲ್ಪ ದೂರದ ಹೊಸ ಸೇತುವೆಯ ಮೇಲೆ ಮಂಗಳೂರು–ಬೆಂಗಳೂರು ಹೆದ್ದಾರಿಯ ಲಾರಿಗಳು ಒಂದರ ಬೆನ್ನಿಗೆ ಒಂದು ಹೋಗುತ್ತಿರುತ್ತವೆ. ಎರಡು ಲಾರಿಗಳ ನಡುವೆ ಒಮ್ಮೊಮ್ಮೆ ಸಣ್ಣ ಬಿಡುವು ಸಿಗುತ್ತದೆ. ಆಗ ಕೆಳಗಿನಿಂದ ಇನ್ನೊಂದು ಸದ್ದು ಮೇಲೆ ಬರುತ್ತದೆ. ಕಟ್ಟಿಹಾಕಿದ ದೋಣಿಯ ಪಕ್ಕೆಗೆ ನೇತ್ರಾವತಿಯ ನೀರು ತಾಗುವ ಸದ್ದು. ಮತ್ತೆ ಲಾರಿ ಬಂತೆಂದರೆ ಅದು ಮುಳುಗಿತು.

ನಾನು ಹಲವು ವರ್ಷಗಳಿಂದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಒಳದಾರಿಗಳಲ್ಲಿ ಸೈಕಲ್ ತುಳಿಯುವುದು ಆ ಬಿಡುವನ್ನು ಹುಡುಕಿಕೊಂಡು. ಬಾನುಲಿಯಲ್ಲಿ ಮಾತಾಡಲು ಕರೆ ಬಂದಾಗ ಇದಕ್ಕಿಂತ ಬೇರೆ ವಿಷಯ ನನಗೆ ತೋಚಲಿಲ್ಲ. ನಿಮಗೆ ಈಗ ನನ್ನ ಮುಖ ಕಾಣುತ್ತಿಲ್ಲ, ನಾನು ಹೇಳುವ ದಾರಿಯೂ ಕಾಣುತ್ತಿಲ್ಲ, ಇರುವುದು ಕಿವಿಯೊಂದೇ. ವಾಹನವಿಲ್ಲದ ದಾರಿಯಲ್ಲಿ ಸೈಕಲ್ ಮೇಲೆ ಕೂತವನದೂ ಹೆಚ್ಚುಕಡಿಮೆ ಅದೇ ಸ್ಥಿತಿ. ಅವನು ಊರನ್ನು ಕಾಣುವುದಕ್ಕಿಂತ ಮೊದಲು ಕೇಳುತ್ತಾನೆ.

ಯುರೋಪಿನಲ್ಲಿ ನದಿ, ಕಾಲುವೆಗಳ ದಂಡೆಯುದ್ದಕ್ಕೂ ಸೈಕಲ್ಲಿಗೆಂದೇ ದಾರಿಗಳಿವೆ ಎಂದು ಹಲವರು ಓದಿರಬಹುದು. ಫ್ರಾನ್ಸಿನ ಮಿದಿ ಕಾಲುವೆ ಮುಗಿದದ್ದು 1681ರಲ್ಲಿ. ದಂಡೆಯ ಮೇಲೆ ನಡೆಯುವ ಕುದುರೆ ಹಗ್ಗದಿಂದ ದೋಣಿಯನ್ನು ಎಳೆಯಬೇಕಿತ್ತು, ಅದಕ್ಕಾಗಿ ನೀರಿನ ಪಕ್ಕದಲ್ಲೇ ದಾರಿ ಮಾಡಿದರು. ಕುದುರೆ ಹೋಯಿತು, ದಾರಿ ಉಳಿಯಿತು, ಸೈಕಲ್ಲಿನವರು ಬಂದರು. ನೀರಿನ ದಂಡೆ ಏರಿಳಿತವಿಲ್ಲದ್ದು, ಹಾಗಾಗಿ ಮುದುಕರೂ ಮಕ್ಕಳೂ ದಿನವಿಡೀ ತುಳಿಯಬಹುದು. ನಮ್ಮಲ್ಲೇ ಮಂಡ್ಯದ ಕಡೆ ಹೋದರೆ ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲೆ ಅಂಥ ದಾರಿಗಳನ್ನು ನೋಡಬಹುದು.

ದಕ್ಷಿಣ ಕನ್ನಡದಲ್ಲಿ ಹಾಗಿಲ್ಲ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ನೆಲ ಇದು. ದೊಡ್ಡ ನಾಲೆಗಳಿಲ್ಲ. ಇರುವುದು ತೋಡು, ಎರಡು ಗುಡ್ಡೆಗಳ ನಡುವಿನ ಬೈಲಿನಲ್ಲಿ, ಅಡಿಕೆ ತೋಟದ ಬದಿಯಲ್ಲಿ ಹರಿಯುವ ಸಣ್ಣ ಹಳ್ಳ. ಹೊಳೆಯ ದಂಡೆಯಂತೂ ನೆರೆಯ ಪಾಲು. 1923ರ ನೆರೆಯನ್ನು ಬಂಟ್ವಾಳ, ಪಾಣೆಮಂಗಳೂರಿನ ಹಳೆ ಮನೆಗಳಲ್ಲಿ ಇವತ್ತಿಗೂ ‘ಮಾರಿಬೊಳ್ಳ’ ಎಂದೇ ನೆನೆಯುತ್ತಾರೆ. 1974ರಲ್ಲಿ ಮತ್ತೊಮ್ಮೆ ಪೇಟೆಯೊಳಗೆ ಹೊಳೆ ಬಂತು. ಇಂಥ ಹೊಳೆಯ ಅಂಚಿನಲ್ಲಿ ಉದ್ದಕ್ಕೂ ರಸ್ತೆ ಹಾಕುವ ಧೈರ್ಯ ಯಾರಿಗೂ ಬರಲಿಲ್ಲ. ಅದರ ಅಗತ್ಯವೂ ಇರಲಿಲ್ಲ, ಹೊಳೆಯೇ ರಸ್ತೆಯಾಗಿತ್ತು. ಘಟ್ಟದಿಂದ ಇಳಿದ ಸರಕು ಬಂಟ್ವಾಳದಲ್ಲಿ ದೋಣಿ ಹತ್ತಿ ಮಂಗಳೂರಿಗೆ ಹೋಗುತ್ತಿತ್ತು. ಬಂಟ್ವಾಳ ಪೇಟೆ ಹೊಳೆಗೆ ಅಂಟಿಕೊಂಡು ಉದ್ದಕ್ಕೆ, ಕಿರಿದಾಗಿ ಬೆಳೆದದ್ದಕ್ಕೆ ಕಾರಣ ಅದು.

ಹಾಗಾಗಿ ನಮ್ಮ ರಸ್ತೆಗಳು ಹೊಳೆಯ ಜೊತೆಯಲ್ಲಿ ಹೋಗುವುದಿಲ್ಲ, ಹೊಳೆಯನ್ನು ಮುಟ್ಟಿ ಬರುತ್ತವೆ. ಗುಡ್ಡೆಯ ಮೇಲೆ ಸಾಗಿ, ಕಡವು ಇದ್ದಲ್ಲಿಗೆ ಇಳಿದು, ಪುನಃ ಏರುತ್ತವೆ. ಸೈಕಲ್ ತುಳಿಯುವವನ ತೊಡೆಗೆ ಇದು ಕಷ್ಟ. ಆದರೆ ಒಂದು ಏರು ಮುಗಿಸಿ, ಪೆಡಲ್ ನಿಲ್ಲಿಸಿ, ಇಳಿಜಾರಿನಲ್ಲಿ ಬಿಟ್ಟಾಗ ಹಿಂದಿನ ಚಕ್ರದ ಟಿಕ್‌ಟಿಕ್ ಒಂದೇ ಉಳಿಯುತ್ತದೆ. ಅದರ ಜೊತೆಗೆ, ಮೊದಲು ಬಹಳ ಸಣ್ಣಗೆ, ಆಮೇಲೆ ಸ್ಪಷ್ಟವಾಗಿ, ನೀರಿನ ಸದ್ದು ಕೇಳತೊಡಗುತ್ತದೆ. ಸಮತಟ್ಟಾದ ಕಾಲುವೆಯ ದಂಡೆಯಲ್ಲಿ ಆ ಗಳಿಗೆ ಸಿಗಲಾರದು.

ಈ ಏರಿಳಿತವನ್ನು ಮುಂಚಿತವಾಗಿ ತಿಳಿಯಲು ಮೊಬೈಲ್ ನಕಾಶೆ ಬೇಕಿಲ್ಲ. ಊರಿನ ಹೆಸರು ಓದಿದರೆ ಸಾಕು. ‘ಪದವು’ ಎಂದು ಮುಗಿದರೆ ಗುಡ್ಡೆಯ ನೆತ್ತಿಯ ಬಯಲು, ಅಲ್ಲಿಗೆ ತಲುಪಲು ಬೆವರು ಸುರಿಸಬೇಕು. ‘ಅಡ್ಕ’ ಎಂದರೆ ಬೇಸಾಯವಾಗದ ಗಟ್ಟಿ ನೆಲ, ಗಾಳಿ ಎದುರಾಗುತ್ತದೆ. ‘ಬೈಲು’ ಎಂದರೆ ತಗ್ಗು, ನೀರು, ನೆರಳು. ‘ಬೆಟ್ಟು’ ಎಂದಾಗ ಘಟ್ಟದ ಮೇಲಿನವರು ಬೆಟ್ಟವೆಂದು ಹೆದರಬೇಡಿ. ನಮ್ಮಲ್ಲಿ ಅದು ಮಳೆ ನಂಬಿದ ಎತ್ತರದ ಗದ್ದೆ. ಬೈಲು, ಮಜಲು, ಬೆಟ್ಟು ಎಂಬ ಗದ್ದೆಯ ಮೂರು ಮೆಟ್ಟಿಲುಗಳಲ್ಲಿ ಮೇಲಿನದು. ಅಜಿಲಮೊಗರು, ಪುಚ್ಚಮೊಗರು, ‘ಮೊಗರು’ ಎಂದು ಮುಗಿಯುವ ಈ ಎರಡೂ ಊರು ಹೊಳೆಯಂಚಿನವು. ಒಂದು ನೇತ್ರಾವತಿಯದು, ಇನ್ನೊಂದು ಫಲ್ಗುಣಿಯದು. ಹೆಸರಿಟ್ಟವರು ನೆಲವನ್ನು ಕಾಲಿನಿಂದ ಅಳೆದವರು. ಸೈಕಲ್ಲಿನ ಮೇಲೆ ಆ ಹೆಸರುಗಳ ಅರ್ಥ ತೊಡೆಗೇ ತಿಳಿಯುತ್ತದೆ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಈ ಮೂರೂ ಪೇಟೆಗಳನ್ನು ಹೆದ್ದಾರಿಗಳು ಕಟ್ಟಿಕೊಂಡಿವೆ. ಬಿ.ಸಿ. ರೋಡಿನ ಮೂಲಕ 75, ಬಂಟ್ವಾಳದಿಂದ ಬೆಳ್ತಂಗಡಿ ದಾಟಿ ಚಾರ್ಮಾಡಿ ಘಾಟಿಗೆ ಏರುವ 73, ಮಂಗಳೂರಿನಿಂದ ಮೂಡುಬಿದಿರೆಗೆ ಹೋಗುವ 169. ಮೂರನ್ನೂ ಅಗಲ ಮಾಡುವ ಕೆಲಸದಲ್ಲಿ ಎಷ್ಟೋ ಗೋಳಿ, ಮಾವು, ಹಲಸಿನ ಮರಗಳು ಉರುಳಿದವು. ಅದರ ನೋವು ನನಗೆ ಇಂದಿಗೂ ಇದೆ. ಆದರೆ ಒಂದು ಮಾತು ಒಪ್ಪಬೇಕು. ವಾಹನಗಳನ್ನೆಲ್ಲ ಹೆದ್ದಾರಿ ತನ್ನತ್ತ ಸೆಳೆದುಕೊಂಡದ್ದರಿಂದ ಹಳೆಯ ಒಳದಾರಿಗಳಿಗೆ ಉಸಿರಾಡಲು ಜಾಗ ಸಿಕ್ಕಿತು. ಮೂರು ಪೇಟೆಗಳನ್ನು ಸುತ್ತಿ ಬಂದರೆ ಸುಮಾರು ನೂರು ಕಿಲೋಮೀಟರ್. ಇದರ ಒಳಗೆ ಗುಡ್ಡೆಗೊಂದು, ಬೈಲಿಗೊಂದು ಎಂಬಂತೆ ಡಾಂಬರು, ಕಾಂಕ್ರೀಟಿನ ಸಣ್ಣ ರಸ್ತೆಗಳು ಹರಡಿಕೊಂಡಿವೆ. ಬೆಳಗ್ಗೆ ಏಳೂವರೆಗೆ ಶಾಲೆಯ ವ್ಯಾನುಗಳು ಹೊರಡುವವರೆಗೆ ಅವು ಹಕ್ಕಿಗಳದು, ಹಾಲು ಕೊಂಡೊಯ್ಯುವವರದು, ಸೈಕಲ್ಲಿನವರದು.

ನನಗೆ ತೀರ ಪ್ರಿಯವಾದದ್ದು ನೇತ್ರಾವತಿಯ ಉತ್ತರ ದಂಡೆಯ ಕಡೆಯ ದಾರಿ. ಬಂಟ್ವಾಳದಿಂದ ಜಕ್ರಿಬೆಟ್ಟು, ಮಣಿಹಳ್ಳ, ಸರಪಾಡಿ, ಅಜಿಲಮೊಗರು. ಮಣಿಹಳ್ಳದಲ್ಲಿ ಹೆದ್ದಾರಿಯನ್ನು ಬಿಟ್ಟು ಬಲಕ್ಕೆ ಹೊರಳಿದ ಮೇಲೆ ಒಂದೆರಡು ತಿರುವು, ಅಷ್ಟೇ, ಕಿವಿಯ ಮೇಲಿನ ಭಾರ ಇಳಿದಂತಾಗುತ್ತದೆ. ಮೊದಲು ಕೇಳುವುದು ನಮ್ಮದೇ ಸೈಕಲ್ಲಿನ ಚೈನು. ಎಣ್ಣೆ ಆರಿದ್ದರೆ ಅದು ಅಲ್ಲಿ ಹೇಳಿಬಿಡುತ್ತದೆ. ಆಮೇಲೆ ಅಂಗಳ ಗುಡಿಸುವ ಹಿಡಿಸೂಡಿಯ ಸದ್ದು. ಅಡಿಕೆ ತೋಟದಲ್ಲಿ ಒಣಗಿದ ಹಾಳೆ ಕಳಚಿ ಬೀಳುವ ಸದ್ದು. ಇದನ್ನು ಕೇಳದವರಿಗೆ ವಿವರಿಸುವುದು ಕಷ್ಟ, ಮರದ ತುದಿಯಿಂದ ಯಾರೋ ಒದ್ದೆ ಕಂಬಳಿ ಎಸೆದ ಹಾಗೆ ಇರುತ್ತದೆ. ನವಿಲು ಈಗ ಎಲ್ಲ ಕಡೆ. ದೊಡ್ಡ ಮರಗಳಿದ್ದಲ್ಲಿ ಮಂಗಟ್ಟೆ ಹಾರಿದರೆ ತಲೆಯೆತ್ತುವ ಮೊದಲೇ ರೆಕ್ಕೆಯ ಸದ್ದು ಗುರುತು ಹೇಳುತ್ತದೆ. ಮೇ ತಿಂಗಳಾದರೆ ರಸ್ತೆಯ ಮೇಲೆ ಕಾಟುಮಾವಿನ ಹಣ್ಣು ಟಪ್ಪೆಂದು ಬೀಳುತ್ತಿರುತ್ತದೆ. ನೀರಿನ ಬದಿಯಲ್ಲಿ ಹೊಳೆದಾಸವಾಳ ನೇರಳೆ ಬಣ್ಣಕ್ಕೆ ತಿರುಗಿರುತ್ತದೆ.

ಗೇಟಿನ ಬಳಿ ನಿಂತವರು ಸೈಕಲ್ ಕಂಡರೆ ಒಂದೇ ಪ್ರಶ್ನೆ ಕೇಳುತ್ತಾರೆ: “ಓಡೆಗ್?” ಎಲ್ಲಿಗೆ ಎಂದು. ಕಾರಿನಲ್ಲಿ ಹೋಗುವವರನ್ನು ಯಾರೂ ಹಾಗೆ ಕೇಳುವುದಿಲ್ಲ, ಕೇಳಿದರೂ ಕೇಳಿಸುವುದಿಲ್ಲ. “ಸುಮ್ಮನೆ, ಅಜಿಲಮೊಗರಿಗೆ” ಎಂದರೆ ಮರುಪ್ರಶ್ನೆ: “ಅಲ್ಲಿ ಯಾರ ಮನೆಗೆ?” ಯಾರ ಮನೆಗೂ ಅಲ್ಲ ಎಂಬ ಉತ್ತರ ಅವರಿಗೆ ಒಗ್ಗುವುದಿಲ್ಲ. ಒಮ್ಮೆ ಒಬ್ಬ ಅಜ್ಜಿ, “ಹಾಗಾದರೆ ನಮ್ಮ ಮನೆಗೇ ಬನ್ನಿ ಮಾರಾಯರೇ, ಬೆಲ್ಲ ನೀರು ಕುಡಿದು ಹೋಗಿ” ಎಂದು ಕರೆದರು. ಹೋದೆ. ಅವರ ಮನೆಯವರೊಬ್ಬರು ಹಿಂದೆ ಸೈಕಲ್ಲಿನಲ್ಲಿ ಅಂಚೆ ಹಂಚುತ್ತಿದ್ದವರಂತೆ. ಹಟ್ಟಿಯ ಮಾಡಿಗೆ ಕಟ್ಟಿ ತೂಗುಹಾಕಿದ ಆ ಸೈಕಲ್ಲನ್ನು ತೋರಿಸಿದರು. ಅದರ ಬೆಲ್ಲು ಇನ್ನೂ ಬಾರಿಸುತ್ತಿತ್ತು.

ಅಜಿಲಮೊಗರಿನ ಎದುರು ದಂಡೆ ಕಡೇಶಿವಾಲಯ. ಈಚೆ ಮಸೀದಿ, ಆಚೆ ದೇವಸ್ಥಾನ, ನಡುವೆ ಹೊಳೆ. ತಲೆತಲಾಂತರದಿಂದ ಎರಡೂ ದಂಡೆಯವರು ದೋಣಿ ದಾಟಿ ಆಚೀಚೆ ಹೋಗಿಬರುತ್ತಿದ್ದರು. ಸೌಹಾರ್ದ ಸೇತುವೆ ಎಂಬ ಹೆಸರಿಟ್ಟು ಅಲ್ಲಿ ಸೇತುವೆ ಕಟ್ಟುವ ಕೆಲಸವನ್ನು ಕೈಗೆತ್ತಿಕೊಂಡರು. ಅದಕ್ಕೂ ಮೊದಲು ನಾನು ಸೈಕಲ್ಲನ್ನು ದೋಣಿಯಲ್ಲಿ ಹಾಕಿಕೊಂಡು ದಾಟಿದ್ದೇನೆ. ಅಂಬಿಗರು ಮುಂದಿನ ಚಕ್ರವನ್ನು ಅಡ್ಡಪಟ್ಟಿಗೆ ಒರಗಿಸಿ, ಹ್ಯಾಂಡಲ್ ನನ್ನ ಕೈಗೆ ಕೊಟ್ಟು, ಅಲುಗಾಡದಂತೆ ಹಿಡಿದುಕೊಳ್ಳಲು ಹೇಳಿದ್ದರು. ನಡುಹೊಳೆಗೆ ಬಂದಾಗ ಕೇಳಿದ್ದು ನೀರಿಗೆ ಹುಟ್ಟು ತಾಗುವ ಸದ್ದು ಮಾತ್ರ. ಆಚೆ ದಂಡೆಯಲ್ಲಿ ಇಳಿದು ಶಂಭೂರು, ನರಿಕೊಂಬು ಹಾದು ಪಾಣೆಮಂಗಳೂರಿಗೆ ಮರಳಿದರೆ ಹೊಳೆಗೆ ಒಂದು ಸುತ್ತು ಬಂದಂತೆ.

ಸೈಕಲ್ಲಿಗೆ ಸಿಗುವ, ಕಾರಿಗೆ ಸಿಗದ ದಾರಿ ಇನ್ನೊಂದಿದೆ, ತೂಗುಸೇತುವೆ. ಸುಳ್ಯದ ಗಿರೀಶ್ ಭಾರದ್ವಾಜ್ 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ಮೊದಲ ತೂಗುಸೇತುವೆ ಕಟ್ಟಿದರು. ಆಮೇಲೆ ನೂರಕ್ಕೂ ಹೆಚ್ಚು ಕಟ್ಟಿದರು. 2017ರಲ್ಲಿ ಪದ್ಮಶ್ರೀ ಬಂತು. ಸೈಕಲ್ಲಿನಿಂದ ಇಳಿದು, ತಳ್ಳಿಕೊಂಡು, ತೂಗುವ ಹಲಗೆಯ ಮೇಲೆ ನಡೆಯುವಾಗ ಕೆಳಗಿನ ನೀರು ಕಣ್ಣಿಗೂ ಕಿವಿಗೂ ಒಟ್ಟಿಗೆ ಸಿಗುತ್ತದೆ. ಶಿಶಿಲದಲ್ಲಿ ಕಪಿಲೆಗೂ ತೂಗುಸೇತುವೆಯಿದೆ. ದೇವಸ್ಥಾನದ ಎದುರಿನ ನೀರಿನಲ್ಲಿ ಮಹಸೀರ್ ಮೀನುಗಳು ಗುಂಪುಗುಂಪಾಗಿ ತಿರುಗುತ್ತಿರುತ್ತವೆ. ಯಾರೂ ಹಿಡಿಯುವುದಿಲ್ಲ. 1996ರಲ್ಲಿ ಯಾರೋ ನೀರಿಗೆ ವಿಷ ಹಾಕಿ ಸಾವಿರಾರು ಮೀನುಗಳು ಸತ್ತವು. ಊರಿನವರು ಆ ಮೀನುಗಳಿಗೆ ಸ್ಮಾರಕ ಕಟ್ಟಿದರು. ಮೀನಿಗೆ ಸ್ಮಾರಕ ಕಟ್ಟಿದ ಊರಿಗೆ ಹಾರ್ನ್ ಹೊಡೆಯುತ್ತ ಹೋಗಲು ನನಗಂತೂ ಮನಸ್ಸಾಗುವುದಿಲ್ಲ.

ಮೂಡುಬಿದಿರೆಯ ಕಡೆ ದಾರಿಯ ಸ್ವಭಾವ ಬೇರೆ. ಊರಿನ ಹೆಸರಿನಲ್ಲೇ ಬಿದಿರು ಇದೆ. 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯ ಬೀದಿಯಿಂದ ಹೊರಟು ವೇಣೂರಿನ ಕಡೆ ತಿರುಗಿದರೆ ರಸ್ತೆ ಬಹಳ ಕಡೆ ನೆರಳಿನಲ್ಲೇ ಸಾಗುತ್ತದೆ. ಬಸ್ಸುಗಳಿವೆ, ಅವುಗಳಿಗೆ ಅವಸರವೂ ಇದೆ. ಹಾಗಾಗಿ ಮುಖ್ಯ ರಸ್ತೆ ಬಿಟ್ಟು ಒಳದಾರಿ ಹಿಡಿಯುವುದು ಲೇಸು. ವೇಣೂರಿನಲ್ಲಿ ಫಲ್ಗುಣಿಯ ದಂಡೆಯ ಹತ್ತಿರ, 1604ರಲ್ಲಿ ತಿಮ್ಮರಾಜ ಅಜಿಲ ನಿಲ್ಲಿಸಿದ ಮೂವತ್ತೈದು ಅಡಿಯ ಗೊಮ್ಮಟ. ಮುಂಜಾನೆ ಅಲ್ಲಿಗೆ ಹೋದರೆ ಅಂಗಳದಲ್ಲಿ ಮಾತೇ ಇರುವುದಿಲ್ಲ. ನಾಲ್ಕು ಶತಮಾನಗಳಿಂದ ಮಾತಿಲ್ಲದೆ ನಿಂತವನ ಎದುರು ನಾವೂ ಸುಮ್ಮನೆ ನಿಲ್ಲುವುದೇ ಸರಿ.

ಸೈಕಲ್ಲಿನ ಹುಟ್ಟಿಗೂ ಕಾಡಿಗೂ ನಂಟಿದೆ. 1817ರ ಜೂನ್ 12ರಂದು ಜರ್ಮನಿಯ ಮಾನ್‌ಹೈಮ್ ಊರಿನಿಂದ ಎರಡು ಚಕ್ರದ ಮರದ ಬಂಡಿಯೊಂದನ್ನು, ಕಾಲಿನಿಂದ ನೆಲ ಒದ್ದು, ಓಡಿಸಿಕೊಂಡು ಹೊರಟ ಕಾರ್ಲ್ ಡ್ರೈಸ್ ಅರಣ್ಯಾಧಿಕಾರಿಯಾಗಿದ್ದ. ಬೆಳ್ತಂಗಡಿಯ ಕಾಡಂಚಿನಲ್ಲಿ ತುಳಿಯುವಾಗ ನನಗೆ ಆತನ ನೆನಪಾಗುತ್ತದೆ.

ಮುಂಡಾಜೆಯ ಸೋಮಂತಡ್ಕದಿಂದ ಕಾಜೂರಿನ ಮೇಲೆ ದಿಡುಪೆಗೆ ಹೋಗುವ ದಾರಿ ಅಂಥದ್ದು. ಕತ್ತಲೆ ಹರಿಯುವ ಮೊದಲು ಹೊರಟರೆ ರಬ್ಬರ್ ತೋಟಗಳಲ್ಲಿ ಸಣ್ಣ ಸಣ್ಣ ಬೆಳಕುಗಳು ಮರದಿಂದ ಮರಕ್ಕೆ ಸರಿಯುತ್ತಿರುತ್ತವೆ. ಹಣೆಗೆ ದೀಪ ಕಟ್ಟಿಕೊಂಡು ಟ್ಯಾಪಿಂಗ್ ಮಾಡುವವರು. ತಂಪು ಹೊತ್ತಿನಲ್ಲೇ ಹಾಲು ಚೆನ್ನಾಗಿ ಇಳಿಯುವುದರಿಂದ ಅವರ ದಿನ ನಮಗಿಂತ ಬಹಳ ಮೊದಲು ಶುರುವಾಗುತ್ತದೆ. ಹತ್ತಿರ ಹೋದಾಗ ತೊಗಟೆಯ ಮೇಲೆ ಕತ್ತಿ ಸರಿಯುವ ಸದ್ದು ಕೇಳುತ್ತದೆ. ನಾನು ಬೆಲ್ಲು ಬಾರಿಸುವುದಿಲ್ಲ, ಕತ್ತಿ ಹಿಡಿದ ಕೈ ಬೆಚ್ಚಬಾರದು. ಬೆಳಕು ಹರಿದಂತೆ ಕುದುರೆಮುಖದ ಗೋಡೆ ಎದುರಿಗೆ ಏಳುತ್ತದೆ. ಹಳ್ಳಗಳು ಒಂದಾದ ಮೇಲೊಂದು ನೇತ್ರಾವತಿಗೆ ಇಳಿದು ಬರುತ್ತಿರುತ್ತವೆ. ಒಂದೊಂದಕ್ಕೂ ಬೇರೆ ದನಿ. ದೊಡ್ಡ ಬಂಡೆಗಳ ಹಳ್ಳ ಗುಡುಗುತ್ತದೆ, ಮರಳಿನದು ಪಿಸುಗುಡುತ್ತದೆ.

2019ರ ಆಗಸ್ಟಿನಲ್ಲಿ ಇಲ್ಲಿ ಗುಡ್ಡಗಳು ಜರಿದವು. ಚಾರ್ಮಾಡಿ, ದಿಡುಪೆ, ಕುಕ್ಕಾವಿನ ಕಡೆ ತೋಟಗಳ ಮೇಲೆ ಮರಳು, ಬಂಡೆ, ಬುಡಸಮೇತ ಮರಗಳು ಬಂದು ಕೂತವು. ಆ ಮಳೆಗಾಲದ ನಂತರ ಮೊದಲ ಸಲ ಆ ದಾರಿಯಲ್ಲಿ ಹೋದಾಗ ಬಹಳ ನಿಶ್ಶಬ್ದವಿತ್ತು. ನನಗೆ ಬೇಡವಾದ ನಿಶ್ಶಬ್ದ ಅದು. ಅಂಗಳ ಗುಡಿಸುವ ಸದ್ದಿರಲಿಲ್ಲ, ಹಟ್ಟಿಯ ಕರು ಕೂಗಲಿಲ್ಲ.

ಅಂದಿನಿಂದ ಮೌನವನ್ನು ಹೊಗಳುವಾಗ ನಾನು ಎಚ್ಚರವಾಗಿರುತ್ತೇನೆ. ದಿಡುಪೆಯಿಂದ ಮೇಲೆ ಎಳನೀರು ಎಂಬ ಊರಿದೆ, ಬೆಳ್ತಂಗಡಿ ತಾಲೂಕಿನದೇ. ಆದರೆ ನಡುವೆ ರಾಷ್ಟ್ರೀಯ ಉದ್ಯಾನದ ಕಾಡು. ನೇರ ದಾರಿಯಲ್ಲಿ ವಾಹನ ಹೋಗುವಂಥ ರಸ್ತೆಯಿಲ್ಲದೆ ಅಲ್ಲಿನವರು ತಾಲೂಕು ಕಚೇರಿಗೆ ಬರಲು ಸಂಸೆ, ಕಳಸದ ಮೇಲೆ ನೂರು ಕಿಲೋಮೀಟರಿಗೂ ಹೆಚ್ಚು ಸುತ್ತಬೇಕಾಗುತ್ತಿತ್ತು. ರಸ್ತೆಗಾಗಿ ಅವರು ಬಹಳ ಕಾಲದಿಂದ ಕೇಳುತ್ತ ಬಂದಿದ್ದಾರೆ. ಭಾನುವಾರದ ಬೆಳಗ್ಗೆ ಸೈಕಲ್ಲಿನಲ್ಲಿ ಬಂದ ನನಗೆ ವಾಹನವಿಲ್ಲದ ದಾರಿ ಸುಖ. ಹೆರಿಗೆ ನೋವು ಬಂದ ಹೆಂಗಸಿಗೆ ಅದೇ ದಾರಿ ಏನು ಎಂಬುದನ್ನು ಮರೆತು ನಾನು ಮಾತಾಡಲಾರೆ. ನಾನು ಕೇಳುವುದು ರಸ್ತೆ ಬೇಡ ಎಂದಲ್ಲ. ಇರುವ ರಸ್ತೆಯಲ್ಲಿ ನಿಧಾನವಾಗಿ ಹೋಗಿ, ತಿರುವಿನಲ್ಲಿ ನಡೆದು ಹೋಗುವವರಿಗೂ ಜಾಗ ಬಿಡಿ, ಅಗಲ ಮಾಡಲೇಬೇಕಾದರೆ ಮರ ಉಳಿಸಿಕೊಂಡು ಮಾಡಿ, ಇಷ್ಟು.

2006–07ರಲ್ಲಿ ಕರ್ನಾಟಕ ಸರಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿತು. ಸಿದ್ದಕಟ್ಟೆ, ಪುಂಜಾಲಕಟ್ಟೆಯ ರಸ್ತೆಗಳಲ್ಲಿ ಸಂಜೆ ನಾಲ್ಕೂವರೆಗೆ ಒಂದೇ ಬಣ್ಣದ ಸೈಕಲ್ಲುಗಳ ಸಾಲು, ಏರಿನಲ್ಲಿ ಇಳಿದು ತಳ್ಳುತ್ತ ಮಾತಾಡಿಕೊಂಡು ಹೋಗುವ ಹುಡುಗಿಯರು, ಇಳಿಜಾರಿನಲ್ಲಿ ಅವರ ಕೇಕೆ, ಅದನ್ನು ನಾನು ಎಷ್ಟೋ ಸಲ ನಿಂತು ಕೇಳಿದ್ದೇನೆ. ಕೋವಿಡ್ ಬಂದ ಮೇಲೆ ಯೋಜನೆ ನಿಂತಿತು. ಮಕ್ಕಳು ವ್ಯಾನಿಗೆ ಹೋದರು. ಹೆತ್ತವರನ್ನು ದೂರಲಾರೆ, ಟಿಪ್ಪರುಗಳ ನಡುವೆ ಮಗುವನ್ನು ಯಾರು ಕಳಿಸುತ್ತಾರೆ? ಆದರೆ ಒಳದಾರಿಗಳು ಇನ್ನೂ ಮಕ್ಕಳು ತುಳಿಯಬಹುದಾದಷ್ಟು ಶಾಂತವಾಗಿವೆ. ಆ ಸೈಕಲ್ಲುಗಳು ಮತ್ತೆ ಬರಬೇಕು ಎಂಬುದು ನನ್ನ ಆಸೆ, ಇದನ್ನು ಯಾವ ಸಂಕೋಚವೂ ಇಲ್ಲದೆ ಹೇಳುತ್ತೇನೆ.

ಹೊರಡಬೇಕೆನ್ನುವವರಿಗೆ ಒಂದೆರಡು ಮಾತು. ಮಳೆಗಾಲದಲ್ಲಿ ನೆರಳಿನ ಕಾಂಕ್ರೀಟ್ ರಸ್ತೆಯ ಮೇಲೆ ಪಾಚಿ ಕಟ್ಟಿರುತ್ತದೆ. ಬ್ರೇಕ್ ಒತ್ತಿದರೆ ಬೀಳುವುದು ಖಂಡಿತ. ಶ್ರಾವಣದಲ್ಲಿ ಒಮ್ಮೆ ನಾನೂ ಬಿದ್ದು, ಯಾರದೋ ಮನೆಯವರು ಓಡಿ ಬಂದು ಮೊಣಕೈ ತೊಳೆದು ಬಟ್ಟೆ ಕಟ್ಟಿ ಕಳಿಸಿದ್ದರು. ಡಿಸೆಂಬರ್, ಜನವರಿ ಎಲ್ಲಕ್ಕಿಂತ ಒಳ್ಳೆಯದು. ನೆರಿಯ, ಶಿಶಿಲದ ಕಾಡಂಚಿನಲ್ಲಿ ಆನೆ ಓಡಾಡುತ್ತದೆ, ಕತ್ತಲಾಗುವ ಮೊದಲು ಊರು ಸೇರಿ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಳ್ಳಬೇಡಿ. ತಿರುವಿನ ಆಚೆ ಬಸ್ಸು ಬರುತ್ತಿದೆಯೋ ಎಂದು ಮೊದಲು ತಿಳಿಯುವುದು ಕಿವಿಗೆ.

ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ಗಾಳಿಯ ಮೇಲೆ ‘ತೆಂಕಣ ಗಾಳಿಯಾಟ’ ಎಂಬ ಪದ್ಯ ಬರೆದರು. ನಮ್ಮ ಮಕ್ಕಳು ಗಾಳಿಯ ಸದ್ದನ್ನು ಕನ್ನಡದಲ್ಲಿ ಕೇಳಿದ್ದು ಅಲ್ಲಿ. ನೀರಿನ ಸದ್ದನ್ನು ಹಾಗೆ ಕೇಳಬೇಕಾದರೆ ಕಿಂಡಿ ಅಣೆಕಟ್ಟಿನ ಬಳಿ ನಿಲ್ಲಬೇಕು. ಮಳೆ ಬಿಟ್ಟ ಮೇಲೆ, ತೋಡಿನ ನೀರು ಸಣ್ಣದಾಗುವ ಹೊತ್ತಿಗೆ, ಕಿಂಡಿಗಳಿಗೆ ಎರಡು ಸಾಲು ಹಲಗೆ ಇಳಿಸಿ ನಡುವೆ ಕೆಂಪು ಮಣ್ಣು ತುಂಬಿ ಮೆಟ್ಟುತ್ತಾರೆ. ಮೇಲ್ಗಡೆ ನೀರು ಏರುತ್ತದೆ, ಸುತ್ತಲಿನ ಬಾವಿಗಳಲ್ಲೂ ಏರುತ್ತದೆ, ತೋಟಕ್ಕೆ ಬೇಸಿಗೆ ದಾಟಲು ಆಧಾರವಾಗುತ್ತದೆ. ಅಂದಿನಿಂದ ಆ ತೋಡು ಮಾತು ನಿಲ್ಲಿಸುತ್ತದೆ. ಜನವರಿಯಿಂದ ಮೇ ತನಕ ಅದರ ಬದಿಯಲ್ಲಿ ಎಷ್ಟು ಸಲ ಹೋದರೂ ಕನ್ನಡಿಯಂಥ ನೀರು, ಅದರಲ್ಲಿ ತಲೆಕೆಳಗಾದ ಅಡಿಕೆ ಮರಗಳು. ಸದ್ದಿಲ್ಲ.

ಹೋದ ವರ್ಷ ಮಳೆ ಹಿಡಿಯುವ ಮೊದಲು ಒಂದು ಬೆಳಗ್ಗೆ ಸಿದ್ದಕಟ್ಟೆಯ ಆಚೆ ಅಂಥದೇ ಒಂದು ಸಣ್ಣ ಕಟ್ಟದ ಬಳಿ ಬಂದಾಗ ಇಬ್ಬರು ಹಲಗೆ ತೆಗೆಯುತ್ತಿದ್ದರು. ಮಣ್ಣನ್ನು ಹಾರೆಯಿಂದ ಕುಟ್ಟಿ ಸಡಿಲ ಮಾಡಿ ಆಗಿತ್ತು. ಸೈಕಲ್ಲನ್ನು ಕಟ್ಟೆಗೆ ಒರಗಿಸಿ ನಿಂತೆ. ಮೇಲಿನ ಹಲಗೆ ಬಂತು, ನೀರು ತೆಳ್ಳಗೆ ಜಾರಿತು. ಎರಡನೆಯದು, ಮೂರನೆಯದು. ಕೊನೆಯ ಹಲಗೆ ಬಿಗಿಯಾಗಿತ್ತು. ಇಬ್ಬರೂ ಒಟ್ಟಿಗೆ ಹಗ್ಗ ಹಾಕಿ ಎಳೆದರು. ಅದು ಕಿತ್ತು ಬಂದಾಗ ಐದು ತಿಂಗಳ ನೀರು ಒಮ್ಮೆಲೇ ಕಿಂಡಿಯಿಂದ ಆಚೆ ಬಿತ್ತು. ಹಿರಿಯರು ನನ್ನ ಕಡೆ ತಿರುಗಿ ಏನೋ ಹೇಳಿದರು. ತುಟಿ ಅಲುಗಿದ್ದು ಕಂಡಿತು, ಮಾತು ಕೇಳಿಸಲಿಲ್ಲ. ಏನೆಂದು ಕೈಯಲ್ಲೇ ಕೇಳಿದೆ. ಅವರು ನಕ್ಕು, ನೀರಿನ ಕಡೆ ಬೆರಳು ತೋರಿಸಿದರು.